ನಮ್ಮ ಗೆಳತಿಯ ಚಿಕಿತ್ಸೆಗೆ ನೆರವಾದ ಎಲ್ಲರಿಗೂ

ನಮ್ಮ ಗೆಳತಿಯ ಪ್ರೋಟಾನ್ ಚಿಕಿತ್ಸೆ (ಪರಮಾಣುವಿನೊಳಗಿನ ಪ್ರೋಟಾನ್ ಕಣಗಳಿಂದ ಕ್ಯಾನ್ಸರ್ ಗಡ್ಡೆಗೆ ಕೊಡುವ ವಿಕಿರಣ ಚಿಕಿತ್ಸೆ) ಮುಗಿದಿದೆ, ಆಕೆ ಮನೆಗೆ ಮರಳಿದ್ದಾಳೆ. ಹಣ ಕೊಟ್ಟವರು, ಮನವಿಯನ್ನು ತಮ್ಮವರಿಗೆಲ್ಲ ತಲುಪಿಸಿದವರು, ಹೊತ್ತಲ್ಲದ ಹೊತ್ತಿನಲ್ಲೂ ವರದಿಗಳನ್ನು ಓದಿ ದಾರಿ ತೋರಿದ ವೈದ್ಯರು, ಎಲ್ಲರಿಗೂ ಆಕೆಯ, ಆಕೆಯ ಮನೆಯವರ ಮತ್ತು ಹಣ ಸಂಗ್ರಹಕ್ಕೆ ನಿಂತ ಗೆಳೆಯರ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ಕಾಯಿಲೆಯ ವಿವರಗಳನ್ನು ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಕೆಗೆ ಬಂದದ್ದು ಕಾರ್ಡೋಮಾ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಕಾಣಿಸಿಕೊಳ್ಳುವ ಅಪರೂಪದ ಕ್ಯಾನ್ಸರ್ ಅದು. ಗಡ್ಡೆ ತಲೆಬುರುಡೆಯ ತಳದಲ್ಲಿ, ಮೆದುಳಿನ ಕಾಂಡಕ್ಕೆ ಒತ್ತಿಕೊಂಡಂತೆ ಇದ್ದುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಪೂರ್ತಿಯಾಗಿ ತೆಗೆಯಲಾಗಲಿಲ್ಲ. ಉಳಿದದ್ದಕ್ಕೆ ವಿಕಿರಣ ಕೊಡಬೇಕಿತ್ತು. ಆದರೆ ಕಾರ್ಡೋಮಾ ಸಾಮಾನ್ಯ ಪ್ರಮಾಣದ ವಿಕಿರಣಕ್ಕೆ ಬಗ್ಗುವುದಿಲ್ಲ. ಬಗ್ಗುವಷ್ಟು ಕೊಡಹೋದರೆ ಪಕ್ಕದ ಮೆದುಳಿನ ಕಾಂಡ ಮತ್ತು ಕಣ್ಣಿನ ನರಗಳು ತಾಳುವುದಿಲ್ಲ. ಸಾಮಾನ್ಯ ವಿಕಿರಣ ಚಿಕಿತ್ಸೆಯಲ್ಲಿ ಬಳಸುವ ಎಕ್ಸ್‌-ರೇ ಗಡ್ಡೆಯನ್ನು ದಾಟಿ ಮುಂದಕ್ಕೂ ಸಾಗುತ್ತದೆ, ಪ್ರೋಟಾನ್‌ಗಳಾದರೋ ತಮ್ಮ ಶಕ್ತಿಯ ಬಹುಪಾಲನ್ನು ನಿಗದಿತ ಆಳದಲ್ಲಿ ಬಿಟ್ಟು ಅಲ್ಲಿಯೇ ನಿಲ್ಲುತ್ತವೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಸೂಚಿಸಿದ್ದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಈ ಚಿಕಿತ್ಸೆ ನೀಡಲಾಯಿತು. ಆದರೂ ಪ್ರೋಟಾನ್‌ಗಳಿಗೆ ವೇಗ ಕೊಡುವ ಯಂತ್ರ ಮತ್ತು ಅದಕ್ಕೆ ಬೇಕಾದ ದಪ್ಪ ಕಾಂಕ್ರೀಟ್ ಗೋಡೆಗಳ ಕಟ್ಟಡ ಬಹಳ ದುಬಾರಿಯಾದ್ದರಿಂದ ಎಷ್ಟೋ ದೇಶಗಳಲ್ಲಿ ಈ ಸೌಲಭ್ಯ ಇಂದಿಗೂ ಇಲ್ಲ. ಆಕೆ ಹೊರದೇಶಕ್ಕೆ ಹೋಗಬೇಕಾಗಿ ಬಂದದ್ದು ಇದರಿಂದಲೇ.

ಅಲ್ಲಿನ ಆಸ್ಪತ್ರೆ ಮುಂಗಡ ಕಟ್ಟಿದ ಮೇಲೆಯೇ ದಿನಾಂಕ ಗೊತ್ತುಮಾಡಿ, ವೀಸಾಕ್ಕೆ ಬೇಕಾದ ಪತ್ರ ಕೊಡುತ್ತಿತ್ತು. ಆದ್ದರಿಂದ ಆರಂಭದಲ್ಲೇ ಬಂದ ಸಣ್ಣ ಸಣ್ಣ ಮೊತ್ತಗಳು ಸೇರಿ ಆ ಮುಂಗಡವಾದದ್ದನ್ನು ನಾನು ಎಂದಿಗೂ ಮರೆಯಲಾರೆ. ಇಷ್ಟು ಕಡಿಮೆ ಕೊಡುತ್ತಿದ್ದೇವೆಂದು ಸಂಕೋಚಪಟ್ಟು ಸಂದೇಶ ಬರೆದವರು ಹಲವರಿದ್ದರು. ಆಕೆಯ ಸರದಿ ಉಳಿದದ್ದೇ ನಿಮ್ಮ ಹಣದಿಂದ ಎಂಬುದು ನಿಮಗೆ ತಿಳಿದಿರಲಿ. ಪ್ರಶ್ನೆ ಕೇಳಿದವರಿಗೂ ನಾನು ಅಷ್ಟೇ ಋಣಿ. ಹಣ ಯಾರ ಖಾತೆಗೆ ಹೋಗುತ್ತದೆ, ವಿನಿಮಯದಲ್ಲಿ ಎಷ್ಟು ಕಡಿತವಾಗುತ್ತದೆ, ಉಳಿದರೆ ಏನು ಮಾಡುತ್ತೀರಿ ಎಂದು ನೀವು ಕೇಳಿದ್ದರಿಂದಲೇ ಚಿಕಿತ್ಸೆಯ ಮೊತ್ತವನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ ಕಟ್ಟುವ, ಪ್ರತಿ ರಸೀದಿಯನ್ನೂ ದಾನಿಗಳಿಗೆ ಕಳುಹಿಸುವ ಕ್ರಮ ಏರ್ಪಟ್ಟಿತು. ಆ ಕ್ರಮವನ್ನು ನೋಡಿ ಅಪರಿಚಿತರೂ ನಂಬಿ ಕೊಟ್ಟರು.

ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಏಳು ವಾರ ನಡೆಯಿತು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಅಚ್ಚೊತ್ತಿ ಮಾಡಿದ ಮುಖವಾಡವನ್ನು ಹಾಕಿ, ಅದನ್ನು ಮೇಜಿಗೆ ಬಿಗಿದು, ತಲೆ ಕೂದಲೆಳೆಯಷ್ಟೂ ಅಲುಗದಂತೆ ಮಲಗಿಸುತ್ತಿದ್ದರು. ಕಿರಣ ಹಾಯುವುದು ಕೆಲವೇ ನಿಮಿಷ, ಅದಕ್ಕೆ ಅಣಿಗೊಳಿಸುವುದೇ ಹೆಚ್ಚು ಹೊತ್ತು. ನೋವೇನೂ ಆಗುತ್ತಿರಲಿಲ್ಲ, ಆದರೆ ಹೊರಬಂದಾಗ ಕೆನ್ನೆಯ ಮೇಲೆ ಜಾಲರಿಯ ಗೆರೆಗಳು ಮೂಡಿರುತ್ತಿದ್ದವು. ಅಲುಗಾಡದೆ ಮಲಗಿದ್ದಾಗ ನೀವು ಕಳುಹಿಸಿದ ಹಾರೈಕೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದೆ ಎಂದು ಆಕೆ ಹೇಳಿದ್ದಾಳೆ. ಕೆಲಸ ಬಿಟ್ಟು ಜೊತೆಗೇ ಉಳಿದ ಆಕೆಯ ಅಕ್ಕನಿಗೆ ಯಾವ ಮಾತಿನಲ್ಲಿ ವಂದಿಸಬೇಕೋ ನನಗೆ ತಿಳಿಯದು.

ಸದ್ಯಕ್ಕೆ ಗಡ್ಡೆ ಬೆಳೆಯುತ್ತಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ. ಕಾರ್ಡೋಮಾ ವರ್ಷಗಳ ನಂತರವೂ ಮರುಕಳಿಸಬಲ್ಲುದಾದ್ದರಿಂದ ಎಂಆರ್‌ಐ ತಪಾಸಣೆಗಳು ದೀರ್ಘಕಾಲ ನಡೆಯಬೇಕಿದ್ದು, ಉಳಿದಿರುವ ಹಣವನ್ನು ಅದಕ್ಕಾಗಿಯೇ ಪ್ರತ್ಯೇಕ ಖಾತೆಯಲ್ಲಿ ಇಟ್ಟಿದ್ದೇವೆ. ಇದಕ್ಕೆ ಸಮ್ಮತಿಯಿಲ್ಲದವರು ದಯವಿಟ್ಟು ತಿಳಿಸಿ. ನಿಮ್ಮ ಪಾಲನ್ನು ಹಿಂದಿರುಗಿಸುತ್ತೇವೆ. ಹೊಸ ದೇಣಿಗೆಗಳನ್ನು ಇನ್ನು ಸ್ವೀಕರಿಸುವುದಿಲ್ಲ. ಪೂರ್ಣ ಲೆಕ್ಕಪತ್ರವನ್ನು ಎಲ್ಲ ದಾನಿಗಳಿಗೂ ಕಳುಹಿಸಲಾಗುತ್ತಿದೆ.