ಬೆರಳು ಬೆಳ್ಳಗಾದರೆ ನಿಶ್ಶಕ್ತಿ ಅಂದುಬಿಡಬೇಡಿ

ಮಾನ್ಯರೇ,

ಒಂದು ಡಿಸೆಂಬರ್ ಬೆಳಿಗ್ಗೆ ನಮ್ಮವ್ವ ಒಗ್ಗರಣೆ ಮಂಡಕ್ಕಿಗೆ ಅಂತ ಮಂಡಕ್ಕಿಯನ್ನು ತಣ್ಣೀರಲ್ಲಿ ಅದ್ದಿ ಹಿಂಡುತ್ತಿದ್ದಳು. ನೋಡನೋಡುತ್ತಲೇ ಎರಡು ಬೆರಳು ತುದಿಯಿಂದ ನಡುಗೆಣ್ಣಿನವರೆಗೆ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡವು, ಗೆರೆ ಎಳೆದಂತೆ. ಆಮೇಲೆ ನೀಲಿ. ಒಲೆ ಹತ್ತಿರ ಹಿಡಿದ ಮೇಲೆ ಕೆಂಪಾಗಿ ಉರಿ. ದಾವಣಗೆರೆಯಲ್ಲಿ ಅಂಥ ಚಳಿ ಎಲ್ಲಿದೆ ಹೇಳಿ?

ಮೂರು ವರ್ಷ ನಿಶ್ಶಕ್ತಿ, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗಿದ್ದೇ ಬಂತು. ನಡುವೆ ಒಬ್ಬರು ಬಿಪಿಗೆ ಕೊಟ್ಟ ಮಾತ್ರೆಯಿಂದ ಬೆರಳು ಇನ್ನೂ ಜಾಸ್ತಿ ತಣ್ಣಗಾದವು. ಬೀಟಾ ಬ್ಲಾಕರ್ ಅನ್ನೋ ಬಗೆಯ ಬಿಪಿ ಮಾತ್ರೆಗಳು ಇದನ್ನು ಹೆಚ್ಚಿಸಬಹುದು ಅಂತ ಆಮೇಲೆ ತಿಳಿಯಿತು. ಕೊನೆಗೆ ಬೆರಳ ತುದಿಯಲ್ಲಿ ಹುಣ್ಣಾಗಿ, ಉಂಗುರ ತೆಗೆಯೋಕೆ ಬಾರದಷ್ಟು ಚರ್ಮ ಬಿಗಿದ ಮೇಲೆ ಸಂಧಿವಾತ ತಜ್ಞರ ಹತ್ತಿರ ಹೋದೆವು. ಅವರು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಲೆನ್ಸ್ ಇಟ್ಟು ನೋಡಿದರು, ನನಗೂ ತೋರಿಸಿದರು. ನನ್ನ ಬೆರಳಲ್ಲಿ ಸಣ್ಣ ರಕ್ತನಾಳಗಳು ಹೇರ್‌ಪಿನ್ ಜೋಡಿಸಿಟ್ಟ ಹಾಗೆ ಸಾಲಾಗಿದ್ದವು. ಅವ್ವನ ಬೆರಳಲ್ಲಿ ಕೆಲವು ಊದಿಕೊಂಡಿದ್ದವು, ನಡುನಡುವೆ ಬರೀ ಖಾಲಿ ಜಾಗ. ಸ್ಕ್ಲೀರೋಡರ್ಮ ಅಂದರು.

ಚರ್ಮ ಗಟ್ಟಿಯಾಗುವ ಕಾಯಿಲೆ ಅಂತ ಹೆಸರಿದ್ದರೂ ಸಾಮಾನ್ಯವಾಗಿ ಮೊದಲು ಏಟು ಬೀಳೋದು ಸಣ್ಣ ರಕ್ತನಾಳಕ್ಕೆ. ಒಳಪದರ ಕೆಟ್ಟು, ಗೋಡೆ ದಪ್ಪಗಾಗಿ, ರಕ್ತದ ದಾರಿ ಕಿರಿದಾಗುತ್ತದೆ. ನೂರಕ್ಕೆ 90ಕ್ಕಿಂತ ಹೆಚ್ಚು ರೋಗಿಗಳಿಗೆ ಹೀಗೆ ಬೆರಳು ಬೆಳ್ಳಗಾಗುತ್ತದೆ, ಎಷ್ಟೋ ಜನಕ್ಕೆ ಚರ್ಮ ಬಿಗಿಯುವ ವರ್ಷಗಳ ಮೊದಲೇ. ಫ್ರಾನ್ಸಿನ ಡಾಕ್ಟರ್ ಮೊರಿಸ್ ರೇನೋ 1862ರಲ್ಲೇ ಬರೆದಿಟ್ಟ ಲಕ್ಷಣ ಇದು, ಹೊಸದೇನಲ್ಲ. ಶ್ವಾಸಕೋಶದ ನಾಳಕ್ಕೆ ಬಂದರೆ ಮೆಟ್ಟಿಲು ಹತ್ತುವಾಗ ಏದುಸಿರು. ಕಿಡ್ನಿಗೆ ಬಂದರೆ ಬಿಪಿ ದಿಢೀರ್ ಏರುತ್ತದೆ. ಅದಕ್ಕೇ ಅವ್ವನಿಗೆ ವರ್ಷಕ್ಕೊಮ್ಮೆ ಎಕೋ ಅನ್ನೋ ಹೃದಯದ ಸ್ಕ್ಯಾನ್, ಮನೆಯಲ್ಲೊಂದು ಬಿಪಿ ಮೆಷಿನ್. ಮೈಕೈ ನೋವಿಗೆ ಅಂತ ಸುಮ್ನೆ ಸ್ಟೀರಾಯ್ಡ್ ತಗೊಳ್ಳೋದು ಬೇಡವೇ ಬೇಡ, ಈ ಕಾಯಿಲೆಯಲ್ಲಿ ಜಾಸ್ತಿ ಡೋಸ್ ಕಿಡ್ನಿಗೆ ಅಪಾಯ.

ಬೆರಳು ಬೆಳ್ಳಗಾದವರಿಗೆಲ್ಲ ಇದೇ ಕಾಯಿಲೆ ಅಂತಲ್ಲ, ಹೆಚ್ಚಿನವರಿಗೆ ಬರೀ ಚಳಿಯ ತೊಂದರೆ ಅಷ್ಟೇ. ಆದರೆ ಅದನ್ನು ಬೇರ್ಪಡಿಸೋಕೆ ಉಗುರಿನ ಬುಡ ನೋಡಬೇಕಲ್ವಾ? ಚರ್ಮದ ಡಾಕ್ಟರು ಮಚ್ಚೆ ನೋಡೋಕೆ ಬಳಸುವ ಡರ್ಮೋಸ್ಕೋಪ್‌ನಿಂದಲೂ ಇದನ್ನು ನೋಡಬಹುದು.

ಅವ್ವ ಈಗ ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆ ನುಂಗುತ್ತಾಳೆ, ಮಂಡಕ್ಕಿಯನ್ನು ಉಗುರುಬೆಚ್ಚಗಿನ ನೀರಲ್ಲೇ ಅದ್ದುತ್ತಾಳೆ, ಮೆತ್ತಗಾಯಿತು ಅಂತ ಗೊಣಗುತ್ತಾಳೆ. ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಸಂಧಿವಾತ ತಜ್ಞರು ಸಿಗುವಂತೆ ಮಾಡಿ, ಆ ದಿನ ಯಾವುದು ಅಂತ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೂ ತಿಳಿಸಿ.

– ಒಬ್ಬ ಓದುಗ, ದಾವಣಗೆರೆ