ಜಗಲಿಯಲ್ಲಿ ತಲೆಯಾಡಿಸಿದ್ದು: ಗೆಳೆಯನಿಗೊಂದು ಪತ್ರ

ಮಗಾ,

ಎರಡು ವಾರದಿಂದ ನಿನ್ನ ಫೋನ್ ತೆಗೆದಿಲ್ಲ. ಪರೀಕ್ಷೆ ಅಂತ ಮೆಸೇಜ್ ಹಾಕಿದ್ದೆ. ಪರೀಕ್ಷೆ ಇರಲಿಲ್ಲ. ಹೇಳಬೇಕಾದ ಒಂದು ಮಾತಿತ್ತು, ಫೋನಿನಲ್ಲಿ ಬಾಯಿ ಬರಲಿಲ್ಲ. ಇಲ್ಲಿ ಎಲ್ಲರ ಮುಂದೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನಗೊಬ್ಬನಿಗೇ ಹೇಳಿದರೆ ‘ಹೋಗ್ಲಿ ಬಿಡು’ ಅಂದು ಮುಗಿಸಿಬಿಡುತ್ತೀಯ. ಅಷ್ಟು ಸುಲಭಕ್ಕೆ ಮುಗಿಯೋದು ನನಗೆ ಬೇಡ.

ಮೊದಲು ಒಳ್ಳೆ ಸುದ್ದಿ. ಸಮಾಜಶಾಸ್ತ್ರ ಓದಿ ಏನು ಮಾಡ್ತೀಯ ಅಂತ ನಿಮ್ಮಪ್ಪ ಕೇಳಿದ್ದರಲ್ಲ, ಇನ್ನೂ ಉತ್ತರ ಗೊತ್ತಿಲ್ಲ. ಆದರೆ ಈ ಓದು ನನಗೆ ತುಂಬ ಇಷ್ಟವಾಗಿದೆ. ಎಂ.ಎನ್. ಶ್ರೀನಿವಾಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞರು, ನಮ್ಮ ಮೈಸೂರಿನವರೇ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಜನರ ಬದುಕನ್ನೆಲ್ಲ ಬರೆದುಕೊಂಡರು. ಹಳ್ಳಿಗೆ ರಾಂಪುರ ಅಂತ ಬೇರೆ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದರು. ಅದನ್ನು ಓದುವಾಗ ನಮ್ಮೂರೇ ಕಣ್ಣ ಮುಂದೆ ಬರುತ್ತೆ ಕಣೋ. ನಾಲೆ, ಗದ್ದೆ, ಜಗಳ, ಪಂಚಾಯ್ತಿ.

ಅವರು ಉಳಿದುಕೊಂಡಿದ್ದು ಊರಿನ ಮುಖಂಡರ ಎತ್ತಿನ ಮನೆಯಲ್ಲಿ. ನಮ್ಮೂರಿಗೆ ಬಂದಿದ್ದರೆ ಎಲ್ಲಿ ಉಳಿಯುತ್ತಿದ್ದರು ಹೇಳು? ಅರಳಿಕಟ್ಟೆಯ ಆ ಕಡೆ. ನಮ್ಮ ಕೇರಿಯಿಂದ ನೋಡಿದರೆ ಅದೇ ಊರು ಬೇರೆ ಥರ ಕಾಣುತ್ತೆ, ಅಲ್ವಾ? ಕ್ಲಾಸಿನಲ್ಲಿ ಎದ್ದು ನಿಂತು ಇದನ್ನು ಹೇಳಬೇಕು ಅನ್ನಿಸಿತು. ಹೇಳಬೇಕಾದರೆ ‘ನಮ್ಮ ಕೇರಿ’ ಅನ್ನಬೇಕಿತ್ತು. ಕೂತೇ ಇದ್ದೆ.

ಮಂಗಳೂರಿನ ಈ ಕ್ರಿಶ್ಚಿಯನ್ ಕಾಲೇಜು ಚೆನ್ನಾಗಿದೆ. ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ನಿಲ್ಲುತ್ತೇವೆ. ಮೂರು ವರ್ಷದಲ್ಲಿ ಹಾಸ್ಟೆಲ್ ಊಟದ ಸಾಲಿನಲ್ಲಿ ಯಾರೂ ‘ನೀವು ಯಾವ ಜನ’ ಅಂತ ಕೇಳಿಲ್ಲ. ಫಾದರ್ ನನ್ನ ತಟ್ಟೆಗೆ ಕೈಯಾರೆ ಸಾರು ಬಡಿಸಿದ ದಿನ ನಾನು ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಫೀಲ್ಡ್‌ವರ್ಕ್ ಅಂತ ಶನಿವಾರ ಮಂಗಳೂರಿನ ಹೊರಗಿನ ಒಂದು ಹಳ್ಳಿಗೆ ಹೋಗಿದ್ದೆವು. ಮನೆ ಮನೆಗೆ ಹೋಗಿ ಫಾರಂ ತುಂಬಿಸೋದು. ನಾಲ್ಕನೇ ಕಾಲಂ ಜಾತಿ. ನನ್ನ ಜೊತೆ ಇದೇ ಊರಿನ ಕ್ಯಾಥೊಲಿಕ್ ಹುಡುಗಿ ಇದ್ದಳು, ತುಳು ಬರುತ್ತೆ ಅಂತ. ಒಂದು ಹಳೆಯ ಮನೆ. ಅಂಗಳದಲ್ಲಿ ಅಡಿಕೆ ಒಣಗಿಸಿದ್ದರು. ಒಬ್ಬ ಅಜ್ಜಿ ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ತಂದಿಟ್ಟರು. ಈ ಕಡೆ ಬಂದವರಿಗೆ ಮೊದಲು ಕೊಡೋದೇ ಅದು. ನಾನು ಚೊಂಬಿಗೆ ಕೈ ಹಾಕುವಾಗ ಅಜ್ಜಿ ನನ್ನ ಮುಖ ನೋಡಿ ತುಳುವಿನಲ್ಲಿ ಏನೋ ಕೇಳಿದರು. ‘ಪೊರ್ಬು’ ಅನ್ನೋದೊಂದೇ ನನಗೆ ತಿಳಿಯಿತು. ಇಲ್ಲಿ ಕ್ಯಾಥೊಲಿಕರಿಗೆ ಹಾಗೆ ಅನ್ನುತ್ತಾರೆ. ಕ್ರಿಶ್ಚಿಯನ್ ಕಾಲೇಜಿನಿಂದ ಬಂದವನು, ಅವರೇ ಇರಬೇಕು ಅಂದುಕೊಂಡರು.

ನಾನು ಹೌದು ಅಂತ ತಲೆಯಾಡಿಸಿದೆ.

ಮೇಲೆ ನೋಡಿದೆ, ಅಜ್ಜಿಯ ಮುಖ ನೋಡಲಾಗದೆ. ಹೆಂಚಿನ ಒಳಮೈ ಮೇಲೆ ಬಾಸೆಲ್ ಮಿಶನ್ ಅಂತ ಅಚ್ಚೊತ್ತಿತ್ತು. ಹಿಂದಿನ ವಾರವಷ್ಟೇ ಪಾಠವಾಗಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಮಿಶನ್ ಮಂಗಳೂರಿಗೆ ಬಂತು. ಅದಕ್ಕೆ ಸೇರಿದವರನ್ನು ಅವರವರ ಜಾತಿಯವರು ಹೊರಗೆ ಹಾಕಿದರು, ಮನೆ ಹೋಯಿತು, ಕಸುಬು ಹೋಯಿತು. ಅವರಿಗೆ ದುಡಿಮೆ ಬೇಕಲ್ಲ, ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಅವರು ಇದ್ದದ್ದೆಲ್ಲ ಬಿಟ್ಟು ಬಂದವರು. ನಾನು ಒಂದು ಚೊಂಬು ನೀರಿಗೆ ತಲೆಯಾಡಿಸಿದವನು.

ಬಸ್ಸಿನಲ್ಲಿ ಆ ಹುಡುಗಿ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಪೊರ್ಬು ಅಂತ ಯಾಕೆ ಹೇಳಿದ್ದು ಮಾರಾಯ? ನಮ್ಮಲ್ಲಿ ಜಾತಿ ಇಲ್ಲಾಂತ ಎಣಿಸಿದ್ದಾ? ಅಕ್ಕನ ಮದುವೆಗೆ ಮೊದಲು ಕೇಳಿದ್ದೇ ಅದು, ಬಾಮಣಾ ಚಾರ್ಡಿಯಾ ಅಂತ’ ಅಂದಳು. ಅವೆರಡೂ ಕ್ಯಾಥೊಲಿಕರೊಳಗಿನ ಜಾತಿಗಳು. ಅವರ ಹಿರಿಯರು ಗೋವಾದಿಂದ ಈ ಕರಾವಳಿಗೆ ಬಂದು ನೂರಾರು ವರ್ಷವಾಯಿತು. ಜಾತಿಯೂ ಜೊತೆಯಲ್ಲೇ ಬಂತಂತೆ. ಅವಳು ಬೈಯಲಿಲ್ಲ. ಕಿಟಕಿ ಕಡೆ ತಿರುಗಿಕೊಂಡು ಹೇಳಿದಳು, ಅಷ್ಟೆ.

ಅವತ್ತು ರಾತ್ರಿಯೇ ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕಿತ್ತು. ಮೊಬೈಲಿನಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದೊಂದೇ ಅಂಕಿ ಒತ್ತುತ್ತಿದ್ದೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರಿಶ್ಚಿಯನ್ ಆದ ದಲಿತರು ಇವತ್ತಿಗೂ ಅದರಲ್ಲಿಲ್ಲ. ಜಗಲಿಯಲ್ಲಿ ನಾನು ಒಪ್ಪಿಕೊಂಡಿದ್ದು ನಿಜವಾಗಿದ್ದರೆ ಆ ನಂಬರ್ ಒತ್ತುವ ಹಕ್ಕು ನನಗಿರುತ್ತಿರಲಿಲ್ಲ. ಬೆಳಿಗ್ಗೆ ಬಚ್ಚಿಟ್ಟಿದ್ದನ್ನು ರಾತ್ರಿ ಫೀಸಿಗಾಗಿ ಬರೆದೆ. ಆ ನಂಬರಿಗಾಗಿ ನಮ್ಮಪ್ಪ ಕೂಲಿ ಬಿಟ್ಟು ಮೂರು ದಿನ ನಾಡಕಚೇರಿ ಬಾಗಿಲಲ್ಲಿ ನಿಂತಿದ್ದ.

ಇಷ್ಟೇ ಹೇಳಬೇಕು ಅಂತ ಕೂತಿದ್ದು. ಆದರೆ ಇನ್ನೊಂದಿದೆ, ಅದು ನಿನ್ನದು.

ಹೋದ ಡಿಸೆಂಬರಿನಲ್ಲಿ ಬಂದಿದ್ದೆಯಲ್ಲ, ರಾಗಿ ಹಿಟ್ಟಿನ ಚೀಲ ಹೊತ್ತುಕೊಂಡು. ಕ್ಯಾಂಟೀನಿನಲ್ಲಿ ನಿನ್ನ ಫೋನ್ ಜೈಭೀಮ್ ಅಂತ ಜೋರಾಗಿ ಹಾಡಿತು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ‘ಸೌಂಡ್ ಕಡಿಮೆ ಮಾಡು, ಇಲ್ಲಿ ಬೈತಾರೆ’ ಅಂದೆ. ನೀನು ತಕ್ಷಣ ಸೈಲೆಂಟ್ ಮಾಡಿ ‘ಸಾರಿ ಮಗಾ’ ಅಂದೆ. ಅಲ್ಲಿ ಯಾರೂ ಬೈಯುವುದಿಲ್ಲ ಕಣೋ. ದಿನಾ ಎಲ್ಲರ ಫೋನೂ ಕೂಗುತ್ತವೆ. ನಿನ್ನನ್ನು ನೋಡಿದವರು ನನ್ನನ್ನೂ ಗುರುತು ಹಿಡಿಯುತ್ತಾರೆ ಅಂತ ಹೆದರಿ ಹಾಗೆ ಅಂದೆ. ನೀನು ಸಾರಿ ಕೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ಎಲ್ಲಿ, ಯಾರು ಕೇಳಿದರೂ ನೀನು ನೇರ ಹೇಳುತ್ತೀಯ, ಮುಖ ನೋಡಿಕೊಂಡು. ನಾನು ಮೂರು ವರ್ಷ ಇದನ್ನೇ ಓದಿದೆ. ನನಗೆ ಆಗಲಿಲ್ಲ.

ಮುಂದಿನ ಶನಿವಾರ ಅದೇ ಮನೆಗೆ ಮತ್ತೆ ಹೋಗಬೇಕು, ಉಳಿದ ಪ್ರಶ್ನೆಗಳಿವೆ. ಅಜ್ಜಿಗೆ ಹೇಳಬೇಕು ಅಂತಿದ್ದೇನೆ. ತುಳುವಿನಲ್ಲಿ ಹೇಗೆ ಹೇಳೋದು ಅಂತ ಆ ಹುಡುಗಿಯನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ. ಬಾಗಿಲು ತೆಗೆದಾಗ ಬಾಯಿ ಬರುತ್ತೋ ಇಲ್ಲವೋ.

ಸಾಕು. ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ, ಹೊರಗೆ ಮಳೆ, ಕರೆಂಟೂ ಇಲ್ಲ. ರಜೆ ಹಾಕಿ ಬಾರೋ. ಮೀನೂಟ ನನ್ನ ಲೆಕ್ಕ, ಬಂಗುಡೆ ಮುಳ್ಳು ಬಿಡಿಸೋದು ಈಗ ನನಗೆ ಚೆನ್ನಾಗಿ ಬರುತ್ತೆ. ಫೋನ್ ಸೌಂಡ್ ಪೂರ್ತಿ ಇಟ್ಟುಕೊಂಡು ಬಾ. ಅಮ್ಮ ಹುರುಳಿಕಾಳು ಕೊಡುತ್ತಾಳೆ, ಬಸ್ಸಿನಲ್ಲಿ ಬಿಟ್ಟು ಇಳಿಯಬೇಡ. ಮತ್ತೆ, ಛತ್ರಿ ವಿಷಯ ನಿಮ್ಮಕ್ಕನಿಗೆ ಇನ್ನೂ ಗೊತ್ತಿಲ್ಲ ತಾನೇ?

ನಿನ್ನ
ಹಿಂದಿನ ಬೆಂಚಿನವನು