ಹಿತ್ತಲಿಗೆ ಬಂದ ನವರಂಗ: ಮಗಳಿಗೊಂದು ಪತ್ರ

ಪುಟ್ಟಿ,

ಹಿತ್ತಲಿಗೆ ಬಂದ ಹಕ್ಕಿ ಮಿಂಚುಳ್ಳಿಯೇ ಎಂದು ಕೇಳಿ ನೀನು ಕಳಿಸಿದ ಫೋಟೋದಲ್ಲಿ ಹಕ್ಕಿಗಿಂತ ಬಕೆಟ್ಟೇ ಚೆನ್ನಾಗಿ ಬಂದಿದೆ. ಆದರೂ ಆ ಮೋಟು ಬಾಲ, ಅದರ ಬುಡದ ಕುಂಕುಮಗೆಂಪು, ಇಷ್ಟು ಸಾಕು. ಅದು ಮಿಂಚುಳ್ಳಿಯಲ್ಲ, ನವರಂಗ. ಮಿಂಚುಳ್ಳಿ ತಂತಿಯ ಮೇಲೆ ಕೂತು ಹೊಂಚು ಹಾಕುತ್ತದೆ, ನೆಲದಲ್ಲಿ ಕುಪ್ಪಳಿಸುತ್ತಾ ತರಗೆಲೆ ಕೆದಕುವುದಿಲ್ಲ. ಕಿತ್ತಳೆ ತಲೆಯ ಥ್ರಷ್ ಹಕ್ಕಿಯೂ ಎಲೆ ಮಗುಚುತ್ತದೆ ನಿಜ, ಆದರೆ ಅದರ ಬೆನ್ನು ಬೂದುನೀಲಿ. ನವರಂಗದ ಬೆನ್ನು ಹಸಿರು, ರೆಕ್ಕೆಯಲ್ಲಿ ಹೊಳೆಯುವ ನೀಲಿ ಮಚ್ಚೆ, ಗಂಟಲು ಬಿಳಿ, ಕಣ್ಣಿಗೆ ಕಾಡಿಗೆ ದಪ್ಪಗೆ ತೀಡಿದಂಥ ಕಪ್ಪು ಪಟ್ಟಿ. ಉದ್ದ ಸುಮಾರು 19 ಸೆಂ.ಮೀ. ಗಂಡು ಹೆಣ್ಣು ಎರಡೂ ಒಂದೇ ಥರ, ಆದ್ದರಿಂದ ಆ ಪ್ರಶ್ನೆ ಬಿಟ್ಟುಬಿಡು.

ಬೆಂಗಳೂರಿನ ನಡುವೆ ಅದಕ್ಕೇನು ಕೆಲಸ ಅಂದೆಯಲ್ಲ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡುವ ಹಕ್ಕಿ ಇದು. ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಇಳಿಯುತ್ತದೆ. ಹಾರುವುದು ರಾತ್ರಿ. ಮೈತೂಕ ಒಂದು ಕೋಳಿಮೊಟ್ಟೆಯಷ್ಟು. ಬೆಳಗಾಗುವ ಹೊತ್ತಿಗೆ ಸುಸ್ತಾಗಿ ಸಿಕ್ಕಿದ ಗಿಡದ ಮರೆಗೆ ಇಳಿದುಬಿಡುತ್ತದೆ. ಅಕ್ಟೋಬರಿನಲ್ಲಿ ಹಿತ್ತಲು, ಕಾರ್ ಷೆಡ್ಡು, ಕೆಲವೊಮ್ಮೆ ನಡುಮನೆಯಲ್ಲೂ ಇದು ಸಿಗುವುದು ಅದಕ್ಕೇ.

ಈಗ ನಿನ್ನ ದೊಡ್ಡ ಕೆಲಸ, ಪೊರಕೆ ಮುಟ್ಟದಿರುವುದು. ಗೋಡೆಯ ಪಕ್ಕದ ನೆರಳಲ್ಲಿ ಎರಡು ಮೂರು ಇಂಚು ತರಗೆಲೆ ಹಾಗೇ ಬಿದ್ದಿರಲಿ, ದಿನಕ್ಕೊಮ್ಮೆ ನೀರು ಚಿಮುಕಿಸು. ತೇವವಿದ್ದರೆ ಎರೆಹುಳು, ಗೆದ್ದಲು ಮೇಲೆ ಬರುತ್ತವೆ, ಅದರ ಊಟ ಅವೇ. ಅಕ್ಕಿ ಎರಚಬೇಡ, ಅದು ತಿನ್ನುವುದಿಲ್ಲ, ಇಲಿ ಬರುತ್ತದೆ. ಬಸವನಹುಳುವಿಗೆಂದು ಹಾಕುವ ವಿಷದ ಗುಳಿಗೆ ಇದ್ದರೆ ಇವತ್ತೇ ತೆಗೆ. ಒಂದಿಂಚು ನೀರು ಹಿಡಿಯುವ ಮಣ್ಣಿನ ತಟ್ಟೆ ನೆಲದಲ್ಲಿಡು, ಆದರೆ ಬೆಕ್ಕು ಅಡಗುವ ಪೊದೆಯಿಂದ ದೂರ.

ಗಾಜಿನ ಬಾಗಿಲು ಇನ್ನೊಂದು ಗಂಡಾಂತರ. ಅದರಲ್ಲಿ ಮೂಡುವ ಗಿಡದ ಬಿಂಬ ಹಕ್ಕಿಗೆ ನಿಜದ ಗಿಡವೇ. ಎರಡೆರಡು ಇಂಚಿಗೆ ಒಂದರಂತೆ ಬಿಳಿ ಚುಕ್ಕಿ ಅಂಟಿಸು, ಹೊರಮುಖಕ್ಕೆ. ಒಳಗಡೆ ಅಂಟಿಸಿದರೆ ಬಿಂಬದಡಿ ಮುಚ್ಚಿಹೋಗಿ ದಂಡ. ಒಂದೇ ಒಂದು ಗಿಡುಗನ ಸ್ಟಿಕರ್ ಅಂಟಿಸಿ ನಿಶ್ಚಿಂತರಾಗುವವರಿದ್ದಾರೆ, ಹಕ್ಕಿ ಅದರ ಪಕ್ಕಕ್ಕೇ ಬಂದು ಬಡಿಯುತ್ತದೆ.

ಬಡಿದು ಬಿದ್ದರೆ ಗಾಬರಿಯಾಗಿ ನೀರು ಕುಡಿಸಲು ಹೋಗಬೇಡ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಅಲ್ಲಿಗಿಳಿಯುತ್ತದೆ. ತೆಳು ಹತ್ತಿಬಟ್ಟೆ ಹೊದಿಸಿ, ರೆಕ್ಕೆ ಮಡಿಸಿ ಎತ್ತಿಕೋ, ಎದೆ ಒತ್ತಬೇಡ. ಹಕ್ಕಿ ಉಸಿರಾಡುವುದೇ ಎದೆಗೂಡು ಅಲುಗಿಸಿ. ಷೂ ಡಬ್ಬಿಗೆ ಪೆನ್ಸಿಲ್ ದಪ್ಪದ ಏಳೆಂಟು ತೂತು ಮಾಡಿ, ತಳಕ್ಕೆ ಬಟ್ಟೆ ಹಾಸಿ, ಒಳಗಿಟ್ಟು ಮುಚ್ಚಿ ಒಂದು ಗಂಟೆ ಕತ್ತಲಲ್ಲಿ ಬಿಡು. ನಡುನಡುವೆ ಮುಚ್ಚಳ ತೆಗೆದು ಇಣುಕಿದರೆ ಅದರ ಎದೆ ಇನ್ನಷ್ಟು ಡವಗುಟ್ಟುತ್ತದೆ. ಆಮೇಲೆ ಪೊದೆಯ ಪಕ್ಕ ಡಬ್ಬಿ ತೆರೆ. ಹಾರದಿದ್ದರೆ ವನ್ಯಜೀವಿ ರಕ್ಷಕರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡು. ಬೆಕ್ಕು ಕಚ್ಚಿದ್ದರಂತೂ ಗಾಯ ಕಾಣದಿದ್ದರೂ ಕಾಯಬೇಡ, ಹಲ್ಲಿನ ಬ್ಯಾಕ್ಟೀರಿಯಾ ಬೇಗ ನಂಜೇರಿಸುತ್ತದೆ, ಪಶುವೈದ್ಯರ ಔಷಧ ಬೇಕೇ ಬೇಕು. ಸಾಕಿಕೊಳ್ಳುವ ಮಾತು ಎತ್ತಲೇಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ.

ನೋಡಬೇಕಿದ್ದರೆ ಬೆಳಗಿನ ಆರು, ಸಂಜೆಯ ಆರು. ತಮಿಳರು ಇದನ್ನು ‘ಆರು ಮಣಿ ಕುರುವಿ’, ಅಂದರೆ ಆರು ಗಂಟೆಯ ಹಕ್ಕಿ, ಅನ್ನುವುದು ಆ ಹೊತ್ತಿಗೆ ಕೂಗುವುದರಿಂದ. ತಲೆ ಹಿಂದಕ್ಕೆ ಚೆಲ್ಲಿ ಎರಡು ಸ್ವರದ ಶಿಳ್ಳೆ. ಅಡುಗೆಮನೆ ಕಿಟಕಿಯ ಹಿಂದೆ, ದೀಪ ಆರಿಸಿ, ಅಲುಗದೆ ನಿಲ್ಲು. ಫ್ಲ್ಯಾಷ್ ಬೇಡ, ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದೂ ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿತೆಂದು ಮೇಯುವುದು ಬಿಟ್ಟು ಓಡಾಡುತ್ತದೆ, ದಣಿದು ಬಂದದ್ದಕ್ಕೆ ಆ ಓಡಾಟ ದುಬಾರಿ.

ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡನ್ನೂ ಇ-ಬರ್ಡ್‌ಗೆ, ಅಂದರೆ ಕಂಡ ಹಕ್ಕಿಗಳ ಲೆಕ್ಕ ಬರೆದಿಡುವ ಜಾಲತಾಣಕ್ಕೆ, ಹಾಕು. ಎರಡೇ ದಿನಕ್ಕೆ ಮಾಯವಾದರೆ ಅದು ದಾರಿಹೋಕ. ಜನವರಿಗೂ ಅಲ್ಲೇ ಎಲೆ ಕೆದಕುತ್ತಿದ್ದರೆ ಬೇಸಿಗೆಯವರೆಗೆ ಪೊರಕೆ ಅಟ್ಟಕ್ಕೆ ಹಾಕು.

ಇತಿ,
ಅಪ್ಪ